ನಮ್ಮೂರ ಅಳಿಯ ಬರೆದ ವ್ಯಾಖ್ಯಾನ

ಗುಳೇದಗುಡ್ಡದ ಪ್ರೇಮಕುಮಾರ ಕುಪ್ಪಸದ ಖಣ ನೇಯುವವರು. ಗುರುವಾರ ಸಂಜೆ ಮಗ್ಗ ನಿಲ್ಲಿಸಿ, ಅದೇ ಪಡಸಾಲೆಯಲ್ಲಿ ನಮ್ಮ ಕ್ರೈಸ್ತ ಸಭೆಯ ಏಳೆಂಟು ಮಂದಿಗೆ ಸತ್ಯವೇದ ಓದಿ ತಿಳಿಸುತ್ತಾರೆ. ಹೋಗುವವರಲ್ಲಿ ನಾನೂ ಒಬ್ಬ. ದೇವರ ವಾಕ್ಯ ಕೇಳಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೇನೆ. ಅಲ್ಲಿ ತಿನ್ನಲು ಕೊಡುವ ಒಗ್ಗರಣೆಯ ಚುರುಮುರಿ ಸುಸಲಾದ ವಿಷಯ ಹೇಳಿಲ್ಲ.

ವ್ಯಾಖ್ಯಾನದ ಪುಸ್ತಕ ಕೊಳ್ಳುವುದರಲ್ಲಿ ಅವರಷ್ಟು ಒರೆಹಚ್ಚಿ ನೋಡುವ ಮನುಷ್ಯನನ್ನು ನಾನು ಕಂಡಿಲ್ಲ. ಒಮ್ಮೆ ನವನಗರದ ಪುಸ್ತಕದಂಗಡಿಯಲ್ಲಿ ನಾನು ರಟ್ಟು ಚಂದವಿದ್ದದ್ದನ್ನು ಎತ್ತಿಕೊಂಡೆ. ಅವರು ಅದನ್ನು ಕಸಿದುಕೊಂಡು, ತಮಗೇ ತಿಳಿಯದ ಒಂದು ವಾಕ್ಯದ ಪುಟ ತೆರೆದರು.

“ಇಲ್ನೋಡ್ರಿ ಸರ, ತೊಡಕಿನ ವಾಕ್ಯ ಬಂದಕೂಡ್ಲೆ ಜಿಗದು ಮುಂದ ಹೋಗ್ಯಾನ. ಖಣಾ ಕೊಳ್ಳಾವ್ರು ಹಿಂದಿನ ಮಗ್ಗಲಾ ತಿರುವಿ ನೋಡ್ತಾರ. ನೀವು ಬರೇ ಬಣ್ಣಾ ನೋಡೂ ಗಿರಾಕಿ!”

‘ಇದು ನನಗೂ ತಿಳಿದಿಲ್ಲ’ ಎಂದು ಬರೆದ ಲೇಖಕ ಸಿಕ್ಕರೆ ಮಾತ್ರ ಅವರ ಮುಖ ಅರಳುತ್ತದೆ.

ಇಂಥವರೂ ಎಡವಿದರು. ಒಬ್ಬ ಬೋಧಕರು ಬರೆದ ಹೊಸ ವ್ಯಾಖ್ಯಾನ ಬಂತು. ಆ ಬೋಧಕರ ಹೆಂಡತಿಯ ತವರು ಗುಳೇದಗುಡ್ಡ.

“ನಮ್ಮೂರ ಅಳಿಯಾ ಬರದಾನ್ರಿ! ಇದನ್ನೇನ್ ತಿರುವಿ ನೋಡೂದು?” ಎಂದ ಪ್ರೇಮಕುಮಾರ, ತಾವು ಓದದೆಯೇ ಅದನ್ನು ಚಂದವ್ವನವರಿಗೆ ಕೊಟ್ಟರು. ಅಳಿಯನ ತಪ್ಪು ಎತ್ತಿ ಆಡುವ ರೂಢಿ ನಮ್ಮಲ್ಲಿಲ್ಲ.

ಚಂದವ್ವ ಪ್ರೇಮಕುಮಾರರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ, ಅವರು ಚಿಕ್ಕಮ್ಮನೆಂದು ಕರೆಯುವ ಹಿರಿಯರು. ಸಕ್ಕರೆ ಕಾಯಿಲೆಯವರು. ಮುಂದಿನ ಗುರುವಾರ ಸೊರಗಿದ ಮುಖದಲ್ಲಿ ಬಂದು, ತಂಬಿಗೆ ನೀರು ಗಟಗಟ ಕುಡಿದು ಸಾರಿದರು: “ಗುಳಿಗಿ ಬಿಟ್ಟೇನಿ. ಸತ್ಯವೇದದಾಗಿನ ಆಸ ಅರಸ ವೈದ್ಯರ ಕಡೆ ಹೋಗೇ ಸತ್ತನಂತ. ನೀ ಕೊಟ್ಟ ಪುಸ್ತಕದಾಗ ಐತಿ.”

ಪ್ರೇಮಕುಮಾರರ ಮುಖದ ಬಣ್ಣ ಇಳಿಯಿತು. “ಚಿಗವ್ವಾ, ಆ ಪುಸ್ತಕ ಬ್ಯಾಡ.”

“ಹ್ವಾದ ವಾರ ಛಲೋ ಐತಿ ಅಂದಿ, ಈ ವಾರ ಬ್ಯಾಡ ಅಂತಿ. ಯಾವ ಮಾತ ನಂಬ್ಲಿ?”

ನಾನು ಬಾಯಿ ಹಾಕಲು ಹೋದೆ. “ನೀವು ಸುಮ್ನ ಸುಸಲಾ ತಿನ್ರಿ,” ಎಂದರು ಚಂದವ್ವ.

ಪ್ರೇಮಕುಮಾರ ಅವರೆದುರು ನೆಲಕ್ಕೆ ಕುಳಿತು ಸತ್ಯವೇದ ತೆರೆದರು. “ನನ್ನ ಮಾತ ನಂಬಬ್ಯಾಡ. ಇದನ್ನ ಕೂಡಿ ಓದೂಣು.”

ಚಂದವ್ವ ಬೆರಳಿಟ್ಟು ಓದಿದರು. ಆಸ ಅರಸ ಸತ್ಯ ಹೇಳಿದ ಪ್ರವಾದಿಯನ್ನು ಸೆರೆಗೆ ಹಾಕಿಸಿದ್ದ. ಕಾಲಿಗೆ ರೋಗ ಬಂದಾಗಲೂ ದೇವರ ನೆನಪು ಮಾಡಲಿಲ್ಲ. ಅವನ ತಪ್ಪು ಅದು, ವೈದ್ಯರ ಕಡೆ ಹೋದದ್ದಲ್ಲ. ಆಮೇಲೆ ಪೌಲನ ಪತ್ರ: ಪದೇ ಪದೇ ಜಡ್ಡು ಬೀಳುತ್ತಿದ್ದ ಶಿಷ್ಯ ತಿಮೊಥೆಯನಿಗೆ, ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ ಮಾತು. ಅಲ್ಲಿ ಬೆರಳು ನಿಂತಿತು.

“ಇದು ಔಷಧನ ಆತಲ್ಲೋ?”

“ಆತಲ್ಲ ಮತ್ತ.”

“ನಿಮ್ಮ ಅಳಿಯಾ ಇದನ್ನ ಓದಿಲ್ಲೇನು?”

“ಅಂವ ಓದ್ಯಾನೋ ಇಲ್ಲೋ. ನಾ ಅಂತೂ ಅವನ ಪುಸ್ತಕಾ ಓದಲಾರದ ನಿನಗ ಕೊಟ್ಟೆ. ತಪ್ಪ ನಂದು,” ಎಂದರು ಎಲ್ಲರೆದುರು.

ಚಂದವ್ವ ಸತ್ಯವೇದ ಮುಚ್ಚಿದರು. “ಗುಳಿಗಿ ಉಂಡಮ್ಯಾಲ ತಗೋಬೇಕು. ಮನ್ಯಾಗ ರೊಟ್ಟಿ ಬಡದಿಲ್ಲ.”

ಪ್ರೇಮಕುಮಾರ ತಾವೇ ಎದ್ದು ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ಉಂಡಾದ ಮೇಲೆ ಚಂದವ್ವ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದರು.

“ಗುಳಿಗಿ ಬಿಟ್ಟಾಕಿ, ಗಂಟ ಕಟಗೊಂಡು ಯಾಕ ತಿರಗಾಕತ್ತಿದ್ದಿ ಚಿಗವ್ವಾ?”

“ಯಾರರ ಬೈದು ನುಂಗಸ್ತಾರೇನೋ ಅಂತ ಕಾಯಾಕತ್ತಿದ್ದೆ. ನೀರ ಕೊಡು.”