ಹೂತ ಚಿಗರಿ

ರಾಜೂರಿನಲ್ಲಿ ನಮ್ಮ ನೆರೆಯಲ್ಲೊಬ್ಬ ಬೇಟೆಗಾರನಿದ್ದ. ಏನು ಕೇಳಿದರೂ "ಇರ್ಲಿ ಬಿಡ್ರಿ" ಎನ್ನುತ್ತಿದ್ದ. ಚಿಗರಿ ಹೊಡೆದರೆ ಓಣಿಯ ಮನೆಮನೆಗೂ ಪಾಲು ಹಂಚುವುದು ಅವನ ರೂಢಿ. ಆ ವರ್ಷ ಚಿಗರಿಗಳು ಜೊಲ್ಲು ಸುರಿಸುತ್ತ, ಸೊರಗಿ ಸಾಯತೊಡಗಿದವು. ಊರಿನ ದನಗಳಿಗೂ ರೋಗ ತಗಲೀತೆಂದು, ಅಂಥ ಬೇಟೆಯನ್ನು ಬಿದ್ದಲ್ಲೇ ಹೂಳಬೇಕೆಂದು ಮಾಮಲೇದಾರರು ಡಂಗುರ ಸಾರಿಸಿದರು.

ಇಡೀ ದಿನ ಅಲೆದು ಅವನು ಹೊಡೆದ ಚಿಗರಿಯ ಬಾಯಲ್ಲೂ ಜೊಲ್ಲಿತ್ತು. ಅದನ್ನು ಹೂತು, ಯಾರೂ ಅಗೆದೊಯ್ಯದಂತೆ ಮಣ್ಣಿನ ಮೇಲೆಯೇ ಕೂತುಬಿಟ್ಟ.

"ಏನಪಾ, ಈ ಸಲ ಎಲ್ಲಾ ಪಾಲೂ ಭೂಮಿತಾಯಿಗೇನು?" ಎಂದು ಪಾಲು ಕೇಳಲು ಬಂದ ಓಣಿಯವರು ಹಂಗಿಸಿ ಹೋದರು.

ಮುಂದಿನದನ್ನು ನಾನೇ ಕಂಡೆನೋ, ಯಾರಾದರೂ ಹೇಳಿದರೋ, ಈಗ ಖಾತ್ರಿಯಿಲ್ಲ. ಅವನ ತಮ್ಮ ಗುದ್ದಲಿ ಹಿಡಿದು ಬಂದ.

"ಏಳಣ್ಣಾ, ಮಕ್ಕಳು ಹಸದಾವ."

"ನನ್ನವೂ ಹಸದಾವೋ."

ತಮ್ಮ ಗುದ್ದಲಿ ಕೆಳಗಿಟ್ಟು ಅಣ್ಣನ ಪಕ್ಕದಲ್ಲೇ ಕೂತ.