ಬಿಳಿ ಅಂಗಿಗೆ ಹನ್ನೊಂದು ಬಾಣ

ಅಂಗಿ ಕಾರ್ಖಾನೆಯಲ್ಲಿ ಅವಳನ್ನು ಹದ್ದು ಅಂತಲೇ ಕರೆಯುತ್ತಿದ್ದರು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಲೆ ಕಂಡಲ್ಲಿ ಬಾಣದ ಗುರುತಿನ ಚೀಟಿ ಅಂಟಿಸಿ ವಾಪಸ್ಸು ಎಸೆಯುವುದು ಅವಳ ಕೆಲಸ. ಆ ಕಣ್ಣು ಹೋದರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಬೇರೆ ಕೆಲಸ ಕಲಿತವಳಲ್ಲ, ಯಾರ ಹತ್ತಿರವೂ ಚೆನ್ನಾಗಿದ್ದವಳೂ ಅಲ್ಲ.

ಕಾಲರ್ ಹೊಲಿಯುವವಳು ಅವಳ ನಾದಿನಿ. ಇಬ್ಬರದೂ ಎಣ್ಣೆ ಸೀಗೇಕಾಯಿ. ಮನೆ ಭಾಗವಾದ ಮೇಲೆ ಏಳು ವರ್ಷದಿಂದ ಮಾತಿಲ್ಲ, ಕಥೆಯಿಲ್ಲ.

ಸೋಮವಾರದ ಮೊದಲ ಕಟ್ಟು ನಾದಿನಿಯದು. ಬಿಚ್ಚಿದರೆ ಅಂಗಿಯ ತುಂಬ ಕರಿ ಚುಕ್ಕೆ, ಕೂದಲೆಳೆಯಂಥ ಗೆರೆ. ಹದ್ದಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಹೆಸರು ಕೆಡಿಸಲು ಬೇಕಂತಲೇ ಕೊಳೆ ಕೈಯಲ್ಲಿ ಹೊಲಿದಿದ್ದಾಳೆ ಈ ಮಾರಿ! ಚೀಟಿ ಅಂಟಿಸಿದರೆ ಕಲೆ ಪಕ್ಕಕ್ಕೆ ಸರಿದಂತಿತ್ತು. ಅಲ್ಲೂ ಒಂದು ಅಂಟಿಸಿದಳು. ಕಣ್ಣಂಚಿನಲ್ಲಿ ಮಿಂಚು ಹೊಡೆದದ್ದಕ್ಕೆ ಟ್ಯೂಬ್‌ಲೈಟನ್ನು ಬೈದಳು.

ಮಧ್ಯಾಹ್ನ ನಾದಿನಿ ಆ ಅಂಗಿ ಹಿಡಿದು ಮ್ಯಾನೇಜರನ್ನೇ ಕರೆತಂದಳು. ಹನ್ನೊಂದು ಬಾಣ, ಒಂದರ ತುದಿಯಲ್ಲೂ ಕಲೆಯಿಲ್ಲ.

"ನೋಡಿ ಸಾರ್, ಇವರಿಗೆ ಕಣ್ಣು ಕೆಟ್ಟಿದೆ. ಕೆಲಸದಿಂದ ತೆಗೀರಿ," ಎಂದವಳು ಹದ್ದಿನ ಕಡೆ ತಿರುಗಿದಳು. "ಆ ಗೋಡೆ ನೋಡಿ ಅತ್ತಿಗೆ. ಅಲ್ಲೂ ಕಲೆ ಕಂಡ್ರೆ, ಗೋಡೆನೂ ನಾನೇ ಹೊಲಿದೆ ಅನ್ನಿ."

ಬಿಳಿ ಗೋಡೆಯ ಮೇಲೂ ಅವೇ ಚುಕ್ಕೆಗಳು, ಕಣ್ಣು ಹೊರಳಿದತ್ತ ಹೊರಳುತ್ತಿದ್ದವು. ಹದ್ದು ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಮ್ಯಾನೇಜರು ಆಗಲೇ ಅವಳನ್ನು ಕಣ್ಣಾಸ್ಪತ್ರೆಗೆ ಅಟ್ಟಿದ.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಒಳಗೆಲ್ಲ ನೋಡಿದರು.

"ವಯಸ್ಸಾದ ಹಾಗೆ ಕಣ್ಣೊಳಗಿನ ಲೋಳೆ ಕುಗ್ಗುತ್ತಮ್ಮ. ಅದರ ಎಳೆಗಳ ನೆರಳೇ ಈ ಚುಕ್ಕೆ, ಗೆರೆ. ಅಷ್ಟೇ ಆಗಿದ್ರೆ ಏನೂ ಬೇಡ, ಅಭ್ಯಾಸ ಆಗುತ್ತೆ ಅಂತ ಕಳಿಸ್ತಿದ್ದೆ. ಆದ್ರೆ ಒಮ್ಮೆಲೇ ಇಷ್ಟೊಂದು ಚುಕ್ಕೆ, ಜೊತೆಗೆ ಮಿಂಚು. ಕಣ್ಣಿನ ಹಿಂದಿನ ಪರದೆ ಹರಿದಿದೆ. ಇವತ್ತೇ ಲೇಸರ್ ಮಾಡ್ತೀನಿ. ತಡ ಆಗಿದ್ರೆ ಪರದೆ ಕಳಚಿ ಕಣ್ಣೇ ಹೋಗ್ತಿತ್ತೇನೋ. ಯಾರು ಹೇಳಿದ್ದು ಬರೋಕೆ?"

"ನನ್ನ ಶತ್ರು," ಎಂದಳು ಹದ್ದು.

ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಮತ್ತೆ ಮೇಜಿಗೆ ಬಂದಳು. ಹಳೆ ಚುಕ್ಕೆಗಳು ತೇಲುತ್ತಲೇ ಇದ್ದವು. ಕಣ್ಣು ಹೊರಳಿಸಿದಾಗ ಸರಿದರೆ ತನ್ನದು, ನಿಂತರೆ ಬಟ್ಟೆಯದು ಎಂದು ಕಲಿತುಕೊಂಡಳು. ನಾದಿನಿಗೆ ಒಂದು ಒಳ್ಳೆ ಮಾತು ಹೇಳಬೇಕೆಂದು ಬೆಳಿಗ್ಗೆಯಿಂದ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಅಷ್ಟರಲ್ಲಿ ನಾದಿನಿಯ ಅಂಗಿ ಬಂತು. ಕಾಲರಿನ ಕೆಳಗೆ ಎಣ್ಣೆ ಕಲೆ, ಅಲ್ಲಾಡದೆ ನಿಂತಿತ್ತು.

ಎಸೆಯಲಿಲ್ಲ. ತಾನೇ ಎದ್ದುಹೋಗಿ ಅಂಗಿಯನ್ನು ಅವಳ ಮೆಷಿನ್ ಮೇಲಿಟ್ಟಳು.

"ಇದು ನಿಂದೇ," ಎಂದಳು.

ನಾದಿನಿ ಬಾಣ ನೋಡಿದಳು, ಅದರ ತುದಿಯ ಕಲೆ ನೋಡಿದಳು.

"ಸುಮ್ನೆ ಇದ್ದಿದ್ರೆ ಹೋಗ್ತಿತ್ತು ಆ ಕಣ್ಣು," ಎಂದು ಹಲ್ಲು ಕಡಿದಳು. "ನನ್ನ ಕೈಯಾರೆ ಉಳಿಸಿಬಿಟ್ಟೆನಲ್ಲ."