ಉಜ್ಜನಪ್ಪನವರ ಗಡ್ಡದ ಹೂವು

ಹೂವನ್ನು ಹೊಗಳುವವನು ಮೊದಲು ತನ್ನ ಕಾಲ ಕೆಳಗೆ ನೋಡಿಕೊಳ್ಳಬೇಕು ಎಂಬ ಸಂಗತಿ ಬಸವಕಿರಣ್ ಮೇಷ್ಟ್ರಿಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ತಿಳಿಯಿತು.

ದಾವಣಗೆರೆ ಪಿ.ಜೆ. ಬಡಾವಣೆಯ ಉಜ್ಜನಪ್ಪನವರ ಹಿತ್ತಲಲ್ಲಿ ನಿಂತು ಅವರು ಐರಿಸ್ ಹೂವನ್ನು ಮನಸಾರೆ ಹೊಗಳುತ್ತಿದ್ದರು. "ಏನ್ ಬಣ್ಣ ಸಾರ್! ಬೆಂಕಿ ಹಚ್ಚಿದಂಗೈತೆ! ಇದನ್ನ ಬಿಟ್ಟು ಜನ ಕಾಶ್ಮೀರಕ್ಕೆ ಯಾಕೆ ಹೋಗ್ತಾರೋ!" ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದರು. ಇನ್ನೊಂದಕ್ಕೆಂದು ಎರಡು ಹೆಜ್ಜೆ ಹಿಂದೆ ಸರಿದರು.

ಉಜ್ಜನಪ್ಪನವರು ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಅದು ಪಕ್ಕದ ಮನೆಯೋರ ಕಾಬಾಳೆ ಹೂವು. ಕಾಂಪೌಂಡಿನ ಆಚೆ ಐತೆ. ಐರಿಸ್ ನಿಮ್ಮ ಚಪ್ಪಲಿ ಕೆಳಗೈತೆ."

ಮೇಷ್ಟ್ರು ಹಾರಿ ಪಕ್ಕಕ್ಕೆ ನಿಂತರು. ಮೊಣಕಾಲೆತ್ತರದ, ಕತ್ತಿಯಂಥ ಎಲೆಗಳ ಹಸಿರು ಗಿಡವೊಂದು ಅರ್ಧ ಮಕಾಡೆ ಮಲಗಿತ್ತು.

ಮೇಷ್ಟ್ರು ವಿದ್ಯಾನಗರದ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತಾರೆ. ಊರಿನ ಪತ್ರಿಕೆಯೊಂದಕ್ಕೆ ಭಾನುವಾರದ ಹಾಸ್ಯ ಅಂಕಣ ಬರೆಯುತ್ತಾರೆ. ಅಂಕಣ ಓದಿ ನಗುವವರಲ್ಲಿ ಅವರಿಗೆ ಖಚಿತವಾಗಿ ಗೊತ್ತಿರುವುದು ಒಬ್ಬರು, ಅದು ಅವರೇ. ಈ ಊರಿನ ಬಿಸಿಲಿನಲ್ಲಿ ಹಿಮಾಲಯದ ಹೂ ಬೆಳೆಯುವವರಿದ್ದಾರೆಂದು ಕೇಳಿ ವಿಷಯ ಸಿಕ್ಕಿತೆಂದು ಓಡಿ ಬಂದಿದ್ದರು. ಬಂದು ವಿಷಯವನ್ನೇ ತುಳಿದಿದ್ದರು.

ಉಜ್ಜನಪ್ಪನವರದು ತಂದೆಯ ಕಾಲದ ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಅಳಲೆಕಾಯಿ, ಊದುಬತ್ತಿ, ಪೂಜೆಯ ಸಾಮಾನು. "ಕಣ್ಣು ಮುಚ್ಚಿ ಮುಟ್ಟಿದ್ರೆ ಸಾಕು, ಬೇರು ತನ್ನ ಹೆಸರು ತಾನೇ ಹೇಳ್ತೈತೆ" ಎಂಬುದು ಅವರ ಹೆಮ್ಮೆ. ಮೂಗಿನ ವಿಷಯ ಮಾತ್ರ ಅವರು ಎತ್ತುವುದಿಲ್ಲ. ವರ್ಷಾನುಗಟ್ಟಲೆ ನಶ್ಯ ಏರಿಸಿಕೊಂಡ ಆ ಮೂಗು ಎಂದೋ ರಾಜೀನಾಮೆ ಕೊಟ್ಟಿದೆ.

ಕೆಲವು ವರ್ಷಗಳ ಹಿಂದೆ ಹೆಂಡತಿ ಉಮಾಮಹೇಶ್ವರಿಯವರ ಜೊತೆ ಕೇದಾರಕ್ಕೆ ಹೋಗಿದ್ದಾಗ, ದಾರಿಯ ಹೋಟೆಲೊಂದರ ಅಂಗಳದಲ್ಲಿ ಅವರು ಆ ಹೂವನ್ನು ಕಂಡರು. ಮೂರು ಎಸಳು ಮೇಲಕ್ಕೆ, ಮೂರು ಕೆಳಕ್ಕೆ. ಕೆಳಗಿನ ಒಂದೊಂದು ಎಸಳಿನ ಮೇಲೂ ಕಂಬಳಿಹುಳ ಮಲಗಿದಂತೆ ಒಂದು ಗಡ್ಡ. ನೋಡುತ್ತಾ ನಿಂತವರಿಗಾಗಿ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು. "ದೇವರ ದರ್ಶನಕ್ಕೆ ಹೋಗಿ ಗಡ್ಡದ ದರ್ಶನ ಮಾಡ್ಕೊಂಡು ಬಂದ್ರು" ಎಂದು ಉಮಾಮಹೇಶ್ವರಿಯವರು ಇಂದಿಗೂ ಹೇಳುತ್ತಾರೆ.

ಅಲ್ಲಿಂದ ಶುರು. ಗುಡ್ಡಗಾಡಿನ ನರ್ಸರಿಗಳಿಂದ ಕೊರಿಯರಿನಲ್ಲಿ ಗಡ್ಡೆಗಳು ಬಂದವು. ತಳಿಗಳ ಇಂಗ್ಲಿಷ್ ಹೆಸರು ಬಾಯಿಗೆ ಹೊಂದದೆ ಉಜ್ಜನಪ್ಪನವರು ತಮ್ಮ ಅಂಗಡಿಯ ಸಾಮಾನಿನ ಹೆಸರನ್ನೇ ಇಟ್ಟರು: ಕಂದು ಹೂವಿನದು ಜಾಕಾಯಿ, ಹಳದಿಯದು ಕೇಸರಿ, ಕೆಂಪುಮಿಶ್ರಿತದ್ದು ಲವಂಗ. ಎಲ್ಲಕ್ಕಿಂತ ಅಪರೂಪದ್ದು, ಹೆಚ್ಚುಕಡಿಮೆ ಕಪ್ಪು ಬಣ್ಣದ್ದು, ಕರಿಜೀರಿಗೆ. ಅದು ಒಂದೇ ಒಂದು ತುಂಡು ಸಿಕ್ಕಿತ್ತು.

ಈ ಹೂವಿಗೆ ಚಳಿಗಾಲ ಬೇಕು. ದಾವಣಗೆರೆಯ ಚಳಿಗಾಲವೆಂದರೆ ಮಕ್ಕಳಿಗೆ ಸ್ವೆಟರ್ ತೊಡಿಸಿ ಬಿಚ್ಚುವಷ್ಟರಲ್ಲಿ ಮುಗಿಯುವಂಥದ್ದು. ಆದ್ದರಿಂದ ಉಜ್ಜನಪ್ಪನವರು ಚಳಿಗಾಲವನ್ನು ಹರಿಹರದಿಂದ ತರಿಸಿದರು. ಅಲ್ಲಿ ಅವರ ಹಳೆಯ ಗಿರಾಕಿ ಮಸ್ತಾನಸಾಬ್ ಅವರದೊಂದು ಐಸ್ ಫ್ಯಾಕ್ಟರಿಯಿದೆ. ದಿನಾ ಬೆಳಿಗ್ಗೆ ಮೀನಿನ ವ್ಯಾನಿನಲ್ಲಿ ಒಂದು ಚೀಲ ಪುಡಿ ಐಸು ಬರುತ್ತಿತ್ತು. ಅದನ್ನು ಹಿತ್ತಲಿನ ಐರಿಸ್ ಮಡಿಯ ಮೇಲೆ ಹರಡುತ್ತಿದ್ದರು. ಓಣಿಯ ಬೆಕ್ಕುಗಳಿಗೆಲ್ಲ ಇದ್ದಕ್ಕಿದ್ದಂತೆ ಹೂವಿನ ಗಿಡದ ಮೇಲೆ ಪ್ರೀತಿ ಹುಟ್ಟಿತು.

"ಲಿಂಗ ಕಟ್ಟಿದೋರ ಹಿತ್ತಲಾಗೆ ಮೀನಿನ ಐಸು!" ಎಂದು ಉಮಾಮಹೇಶ್ವರಿಯವರು ಹಣೆ ಚಚ್ಚಿಕೊಂಡರು.

"ಐಸು ಐಸೇ. ಮೀನು ಅದರ ಮ್ಯಾಲೆ ಮಲಗಿತ್ತು, ಅಷ್ಟೇ" ಎಂದರು ಉಜ್ಜನಪ್ಪ.

ಜಾಕಾಯಿ ಕೊಳೆಯಿತು. ಕೇಸರಿ ಕೊಳೆಯಿತು. ಲವಂಗ ಮೂರು ಎಲೆ ಬಿಟ್ಟು ಸುಮ್ಮನಾಯಿತು. ಕರಿಜೀರಿಗೆಯೊಂದು ಮಾತ್ರ ಐಸು ಕುಡಿದಷ್ಟೂ ಕೊಬ್ಬಿತು. ಆದರೆ ಹೂವಿಲ್ಲ. ಆ ಮಡಿ ಮೊದಲು ಉಮಾಮಹೇಶ್ವರಿಯವರ ಹೀರೆಕಾಯಿ ಚಪ್ಪರದ ಜಾಗ. ಅವರು ಕೊನೆಯ ಮಾತು ಹೇಳಿಯಾಗಿತ್ತು: "ಶಿವರಾತ್ರಿ ಒಳಗೆ ಒಂದು ಹೂ ತೋರಿಸ್ರಿ. ಇಲ್ಲಾಂದ್ರ ಮಡಿ ನಂದು." ಹೀರೆ ಬೀಜ ಆಗಲೇ ಅಡಿಗೆಮನೆ ಕಿಟಕಿಗೆ ಬಂದು ಕೂತಿತ್ತು. ಮೇಷ್ಟ್ರು ತುಳಿದದ್ದು ಶಿವರಾತ್ರಿಗೆ ಒಂದು ವಾರವೂ ಇಲ್ಲದಾಗ.

"ಇಷ್ಟೊಂದು ಯಾಕೆ ಸಾರ್ ಹಟ?" ಮೇಷ್ಟ್ರು ಜಗಲಿಯ ಮೇಲೆ ಅಪರಾಧಿಯಂತೆ ಕೂತು ಕೇಳಿದರು.

"ನನ್ನ ಅಂಗಡ್ಯಾಗೆ ಇರೋದೆಲ್ಲ ಒಣಗಿದ್ದೇ. ಒಂದಾದ್ರೂ ಹಸೀದು ನೋಡಾಣ ಅಂತ."

ಅಷ್ಟರಲ್ಲಿ ಕಾಫಿ ತಂದ ಉಮಾಮಹೇಶ್ವರಿಯವರು ಬಾಗಿಲಲ್ಲೇ ನಿಂತು ಗಾಳಿ ಮೂಸಿದರು.

"ಯಾರ ಮನ್ಯಾಗೆ ಕೂಸು ಹುಟ್ಟೈತೆ? ಬಜೆ ವಾಸನೆ ಬರ್ತೈತಲ್ಲ!"

ಬಜೆ ಬೇರನ್ನು ತೇಯ್ದು ಕೂಸಿನ ನಾಲಿಗೆಗೆ ಮುಟ್ಟಿಸದ, ತುಂಡು ಮಾಡಿ ಪೋಣಿಸಿ ಕೈಗೆ ಕಟ್ಟದ ಮನೆ ಈ ಸೀಮೆಯಲ್ಲಿಲ್ಲ. ಆ ವಾಸನೆಯನ್ನು ತಾಯಂದಿರು ಮರೆಯುವುದೂ ಇಲ್ಲ. ಉಮಾಮಹೇಶ್ವರಿಯವರು ಮೂಗು ಹೋದ ಕಡೆ ಹೋದರು. ಅದು ಹೋಗಿ ನಿಂತದ್ದು ಮೇಷ್ಟ್ರ ಚಪ್ಪಲಿಯ ಹತ್ತಿರ. ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. ಇಪ್ಪತ್ತು ವರ್ಷ ಅಧ್ಯಾಪಕರಾಗಿ ಗಳಿಸಿದ ಮಾನ ಆ ಚಪ್ಪಲಿಯ ಜೊತೆ ನೇತಾಡಿದಂತೆ ಮೇಷ್ಟ್ರಿಗನಿಸಿತು.

"ಇದರಾಗೇ ಐತೆ" ಎಂದರು ಆಕೆ. ನೇರ ಮಡಿಗೆ ಹೋಗಿ ಕರಿಜೀರಿಗೆಯ ಎಲೆ ಮುರಿದು ಮೂಸಿದರು. "ರೀ, ಬರ್ರಿ ಇಲ್ಲಿ."

ಯಾರೂ ಮುಟ್ಟಬಾರದೆಂದು ಉಜ್ಜನಪ್ಪನವರು ತಾವೂ ಮುಟ್ಟದೆ ಕಾಪಾಡಿದ್ದ ಗಿಡ ಅದು. ಕುಕ್ಕರಗಾಲಲ್ಲಿ ಕೂತು, ಬೇರನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟರು. ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು: "ಬಜೆ. ಒಳ್ಳೇ ಬಜೆ."

"ಹಂಗಾದ್ರೆ ಕರಿಜೀರಿಗೆ ಎಲ್ಲಿ?"

ಉಜ್ಜನಪ್ಪನವರು ನೆನಪಿಸಿಕೊಂಡು ಒಂದೊಂದೇ ಹೇಳಿದರು. ನೆಡುವ ಮೊದಲು ಗಡ್ಡೆಯನ್ನು ಅಂಗಡಿಯ ತಟ್ಟೆಯಲ್ಲಿ ಆರಲು ಇಟ್ಟಿದ್ದರು. ಪಕ್ಕದ ತಟ್ಟೆಯಲ್ಲಿ ಆಗಷ್ಟೇ ಬಂದ ಹಸಿ ಬಜೆಯಿತ್ತು. ಅದೇ ವಾರ ಮಸ್ತಾನಸಾಬ್ ಮೊಮ್ಮಗನಿಗೆಂದು ಬಜೆ ಒಯ್ದಿದ್ದರು. ಆಮೇಲೆ ಫೋನು ಮಾಡಿ, "ಭಾಯಿ, ನಿಮ್ಮ ಬಜೆಗೆ ವಾಸ್ನೇನೇ ಇಲ್ಲ" ಅಂದಿದ್ದರು. "ವಾಸನೆ ಬಜೇಲಿ ಐತೆ ಸಾಬ್ರೆ, ನಿಮಗ ಮೂಗು ಇಲ್ಲ" ಎಂದು ಉಜ್ಜನಪ್ಪನವರೇ ಬುದ್ಧಿ ಹೇಳಿ ಫೋನಿಟ್ಟಿದ್ದರು.

"ಕಣ್ಣು ಮುಚ್ಕೊಂಡು ಕೊಟ್ಟಿರಬೇಕು" ಎಂದರು ಉಮಾಮಹೇಶ್ವರಿ.

ತುಳಿದ ತಪ್ಪಿಗೆ ಮೇಷ್ಟ್ರು ತಮ್ಮ ಕಾರು ತೆಗೆದರು. ಉಮಾಮಹೇಶ್ವರಿಯವರು ಹಿಂದಿನ ಸೀಟಿನಲ್ಲಿ ಕೂತರು, ಉಜ್ಜನಪ್ಪನವರು ಮುಂದೆ. ಮಡಿಲಲ್ಲಿ ಒಂದು ಪೊಟ್ಟಣವಿತ್ತು: ಬದಲಿ ಬಜೆ, ಸಾಬರಿಗೆ.

ಐಸ್ ಫ್ಯಾಕ್ಟರಿಯ ಮುಂದೆ ಮಸ್ತಾನಸಾಬ್ ಸಿಕ್ಕರು. ವಿಷಯ ಕೇಳಿ ಫ್ಯಾಕ್ಟರಿಗೆ ಅಂಟಿದ ಮನೆಯಿಂದ ಹೆಂಡತಿಯನ್ನು ಕರೆದರು. ಗುಲ್ಷನ್ ಬೀ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಆ ಬೇರಾ? ಸಾಣೆಕಲ್ಲಿಗೆ ಇಟ್ಟು ಒಂದು ಸುತ್ತು ತೇಯ್ದೆ. ವಾಸ್ನೆ ಇಲ್ಲ, ಎಂಥದೂ ಇಲ್ಲ. ಕೂಸಿನ ಬಾಯಿಗೆ ಇಡೋಕೆ ಮನಸ್ಸು ಬರ್ಲಿಲ್ಲ. ಹಿಂದಕ್ಕೆ ಎಸೆದೆ. ಯಾಕ್ರಿ? ಮೊನ್ನೆಯಿಂದ ಅಲ್ಲಿ ಯಾವ್ದೋ ಕರೀ ಹೂ ಬಿಟ್ಟೈತೆ, ಮೇಕೆ ಸುದ್ದಾ ಬಾಯಿ ಹಾಕ್ತಿಲ್ಲ."

ಐಸ್ ಕೋಣೆಯ ಹಿಂಗೋಡೆಗೆ ಒತ್ತಿ ಒಡೆದ ಇಟ್ಟಿಗೆ, ಗಾರೆಯ ರಾಶಿ. ಗೋಡೆ ಮುಟ್ಟಿದರೆ ಕೈ ಕೊರೆಯುತ್ತಿತ್ತು. ರಾಶಿಯಲ್ಲಿ ಹನಿ ನೀರು ನಿಲ್ಲುವಂತಿರಲಿಲ್ಲ. ಅದರ ಮೇಲೆ ಕರಿಜೀರಿಗೆ ಅರಳಿ ನಿಂತಿತ್ತು: ಕಪ್ಪು ರೇಷ್ಮೆಯಂಥ ಎಸಳು, ತುಕ್ಕಿನ ಬಣ್ಣದ ಗಡ್ಡ.

ಉಜ್ಜನಪ್ಪನವರು ಚಪ್ಪಲಿ ಬಿಟ್ಟು ಹತ್ತಿರ ಹೋದರು. ತುಂಬ ಹೊತ್ತು ನಿಂತರು. ಈ ಸಲ ಹಾರ್ನ್ ಹೊಡೆಯಲು ಬಸ್ಸಿರಲಿಲ್ಲ. ಮೇಷ್ಟ್ರು ಫೋಟೊ ತೆಗೆಯಲಿಲ್ಲ. ತಮ್ಮ ಕಾಲ ಕೆಳಗನ್ನೇ ನೋಡುತ್ತಿದ್ದರು.

"ಅಮ್ಮಾ, ಎಸೆದಿದ್ದು ಯಾವ ಕೈಯಾಗೆ?" ಕೊನೆಗೆ ಉಜ್ಜನಪ್ಪ ಕೇಳಿದರು.

ಗುಲ್ಷನ್ ಬೀ ಗಂಡನ ಮುಖ ನೋಡಿದರು. "ಎಡಗೈ ಇರ್ಬೇಕು. ಬಲದ ಕಂಕುಳಾಗೆ ಮೊಮ್ಮಗ ಇದ್ದ. ನೋಡ್ದೆನೇ ಹಿಂಗೆ, ಭುಜದ ಮ್ಯಾಲಿಂದ."

ಉಜ್ಜನಪ್ಪನವರು ತಲೆಯಾಡಿಸಿ ಮನಸ್ಸಿಗೆ ಹಾಕಿಕೊಂಡರು.

ಉಮಾಮಹೇಶ್ವರಿಯವರೂ ಹೂವಿನ ಗಡ್ಡವನ್ನು ಬೆರಳ ತುದಿಯಿಂದ ಒಮ್ಮೆ ಸವರಿದರು. "ಚೆಂದ ಐತೆ" ಎಂದರು. "ಆದ್ರೆ ಇದು ಹರಿಹರ. ಮಡಿ ನಂದು."

"ನಿಂದೇ" ಎಂದರು ಉಜ್ಜನಪ್ಪ.

ಶಿವರಾತ್ರಿ ಕಳೆದ ಮೇಲೆ ಹೀರೆ ಬೀಜ ಮಣ್ಣು ಸೇರಿತು. ಅದೇ ದಿನ ಉಜ್ಜನಪ್ಪನವರು ಮೂರೆಲೆಯ ಲವಂಗವನ್ನೂ ನರ್ಸರಿಯಿಂದ ಹೊಸದಾಗಿ ಬಂದ ಗಡ್ಡೆಗಳನ್ನೂ ಚೀಲಕ್ಕೆ ಹಾಕಿಕೊಂಡು ಮೇಷ್ಟ್ರ ಕಾರು ಹತ್ತಿದರು. ಫ್ಯಾಕ್ಟರಿಯ ಹಿಂದೆ ಹೋಗಿ, ಇಟ್ಟಿಗೆ ರಾಶಿಗೆ ಬೆನ್ನು ಮಾಡಿ ನಿಂತರು. ಚೀಲವನ್ನು ಬಲದ ಕಂಕುಳಲ್ಲಿ ಕೂಸಿನಂತೆ ಅವುಚಿಕೊಂಡರು. ಎಡಗೈಯಲ್ಲಿ ಒಂದು ಗಡ್ಡೆ ತೆಗೆದು, ತಿರುಗಿ ನೋಡದೆ, ಭುಜದ ಮೇಲಿಂದ ಹಿಂದಕ್ಕೆ ಬಿಟ್ಟರು. ಮತ್ತೊಂದು ತೆಗೆದರು.

"ಇದೇನ್ ಮಾಡ್ತಾ ಇದೀರಿ ಸಾರ್?" ಮೇಷ್ಟ್ರು ಕೇಳಿದರು.

"ನಾಟಿ" ಎಂದರು ಉಜ್ಜನಪ್ಪ. "ಸ್ವಲ್ಪ ಪಕ್ಕಕ್ಕೆ ಸರೀರಿ, ತುಳಿದೀರಿ."